ಬಾಡಿ ಬಂದ ಬೊಕೆ: ದೋಷ ಎಲ್ಲಿ ಹುಟ್ಟಿತೆಂದು ಪತ್ತೆ ಹಚ್ಚುವ ಬಗೆ

ಕಾರವಾರದ ಅಂಗಡಿಯಿಂದ ಬೆಳಿಗ್ಗೆ ಹೊರಟ ಬೊಕೆ ಸಂಜೆ ಕುಮಟೆಯ ಮನೆಯಲ್ಲಿ ತಲೆ ಬಗ್ಗಿಸಿ ನಿಂತರೆ ಎಲ್ಲರೂ ಮೊದಲು ಬೈಯುವುದು ತಂದುಕೊಟ್ಟ ಹುಡುಗನನ್ನು. ಬಹಳ ಸಲ ತಪ್ಪು ಅವನದಾಗಿರುವುದಿಲ್ಲ. ಕೊಯ್ದ ಹೂವಿನಲ್ಲಿ ದೋಷ ಹುಟ್ಟಿದ ಹೊತ್ತಿಗೂ ಅದು ಕಣ್ಣಿಗೆ ಕಾಣುವ ಹೊತ್ತಿಗೂ ನಡುವೆ ಕೆಲವು ಗಂಟೆಯಿಂದ ಒಂದೆರಡು ದಿನದವರೆಗೆ ಅಂತರ ಇರುತ್ತದೆ. ಎಸಳು ಬಾಡುವುದು ಮೇಲೆ, ಕಾರಣ ಕೂತಿರುವುದು ಕೆಳಗೆ. ಹಾಗಾಗಿ ಹೂವನ್ನು ನೋಡಿ ತೀರ್ಮಾನ ಮಾಡಬೇಡಿ; ದಂಟಿನ ಬುಡದಿಂದ ಶುರು ಮಾಡಿ ಮೇಲಕ್ಕೆ ಬನ್ನಿ.

ಉತ್ತರ ಕನ್ನಡ ಜಿಲ್ಲೆಯ ಕಾರವಾರದಿಂದ ಭಟ್ಕಳದವರೆಗಿನ ಕರಾವಳಿಗೂ ಘಟ್ಟದ ಮೇಲಿನ ಶಿರಸಿ, ಸಿದ್ದಾಪುರ, ಯಲ್ಲಾಪುರಕ್ಕೂ ಬೊಕೆ ಕಳಿಸುವ ಅಂಗಡಿಯವರು ಮತ್ತು ದೂರದ ಊರಿಂದ ಆರ್ಡರ್ ಕೊಡುವವರು, ಇಬ್ಬರಿಗೂ ಈ ಬರಹ ಉಪಯೋಗಕ್ಕೆ ಬರುತ್ತದೆ. ಒಂದು ವಿಷಯ ಮೊದಲೇ ತಿಳಿದಿರಲಿ. ಇಲ್ಲಿನ ಬೊಕೆಗಳಲ್ಲಿರುವ ಗುಲಾಬಿ, ಜರ್ಬೆರಾ, ಕಾರ್ನೇಷನ್ ಹೆಚ್ಚಾಗಿ ಘಟ್ಟದ ಆಚೆಯ ಹಸಿರುಮನೆಗಳಲ್ಲಿ ಬೆಳೆದವು. ಬೆಂಗಳೂರಿನ ಕಡೆಯಿಂದ ರಾತ್ರಿ ಬಸ್ಸಿನಲ್ಲೋ ಹುಬ್ಬಳ್ಳಿ, ಬೆಳಗಾವಿಯ ಮೂಲಕವೋ ಇಳಿದು ಬರುತ್ತವೆ. ಅಂಗಡಿಯ ಬಕೆಟ್ಟಿಗೆ ಬೀಳುವ ಹೊತ್ತಿಗೆ ಅವನ್ನು ಕೊಯ್ದು ಒಂದೆರಡು ದಿನ ಕಳೆದಿರುತ್ತದೆ. ‘ಇವತ್ತೇ ಬಂದ ಹೂ’ ಅಂದರೆ ಇವತ್ತೇ ಕೊಯ್ದ ಹೂ ಅಂತಲ್ಲ.

ಮೊದಲ ಐದು ನಿಮಿಷದ ತಪಾಸಣೆ

ಸುತ್ತಿದ್ದನ್ನು ಬಿಚ್ಚುವ ಮೊದಲು ಒಂದು ಫೋಟೊ, ಬಿಚ್ಚಿದ ಮೇಲೆ ದಂಟಿನ ಬುಡದ್ದು ಇನ್ನೊಂದು ಫೋಟೊ ತೆಗೆದಿಡಿ. ಆಮೇಲೆ ಬುಡಕ್ಕೆ ಸುತ್ತಿದ ಹತ್ತಿಯನ್ನು ಹಿಂಡಿ. ನೀರು ತೊಟ್ಟಿಕ್ಕಿದರೆ ದಾರಿಯಲ್ಲಿ ನೀರಿಗೆ ಕೊರತೆಯಾಗಿಲ್ಲ. ಹತ್ತಿ ಒಣಗಿ ಗಟ್ಟಿಯಾಗಿದ್ದರೆ ಹೂವು ಬಹಳ ಹೊತ್ತು ಬಾಯಾರಿ ಬಂದಿದೆ. ಹತ್ತಿಯ ಬದಲು ಬರೀ ತೆಳು ಟಿಶ್ಯೂ ಕಾಗದ ಸುತ್ತಿದ್ದರೆ ಕರಾವಳಿಯ ಏಪ್ರಿಲ್ ಸೆಕೆಗೆ ಅದು ಒಂದು ಗಂಟೆಯೂ ತಡೆಯುವುದಿಲ್ಲ.

ದಂಟಿನ ತುದಿಯನ್ನು ಹೆಬ್ಬೆರಳಿನಿಂದ ತಿಕ್ಕಿ. ಲೋಳೆಯಂತೆ ಜಾರಿದರೆ, ಕೊಳೆತ ವಾಸನೆ ಬಂದರೆ ದೋಷ ಅಂಗಡಿಯ ಬಕೆಟ್ಟಿನದು; ದಾರಿಯದಲ್ಲ. ಕಡಿದ ಜಾಗ ತಿಳಿಹಸಿರಾಗಿ ಒದ್ದೆಯಾಗಿದ್ದರೆ ಹೊಸದಾಗಿ ಕತ್ತರಿಸಿ ಕಳಿಸಿದ್ದಾರೆ ಎಂದರ್ಥ. ಕಂದಾಗಿ ಒಣಗಿದ್ದರೆ ಪಾರ್ಸೆಲ್ ಬಂದಾಗಿನ ಹಳೇ ತುದಿಯಲ್ಲೇ ಬೊಕೆ ಕಟ್ಟಿದ್ದಾರೆ. ತುದಿ ಜಜ್ಜಿದಂತಿದ್ದರೆ ಮೊಂಡು ಕತ್ತರಿ. ಜಜ್ಜಿದ ನಾಳಗಳು ನೀರೆಳೆಯುವುದಿಲ್ಲ.

ಇನ್ನು ಬಾಡಿದ ಹೂವು ಬೊಕೆಯಲ್ಲಿ ಎಲ್ಲೆಲ್ಲಿದೆ ನೋಡಿ. ಎಲ್ಲ ಜಾತಿಯ ಹೂವೂ ಒಟ್ಟಿಗೇ ಸೋತಿದ್ದರೆ ನೀರಿಲ್ಲದ್ದು ಅಥವಾ ಬಿಸಿ ತಗುಲಿದ್ದು ಕಾರಣ. ಒಂದೇ ಜಾತಿ ಕೆಟ್ಟು ಉಳಿದವು ನೆಟ್ಟಗಿದ್ದರೆ ಆ ಜಾತಿಗೆ ಆಗದ ಉಪಚಾರ ನಡೆದಿದೆ. ಒಂದೇ ಪಕ್ಕ ಬಾಡಿದ್ದರೆ ಆ ಪಕ್ಕಕ್ಕೆ ಬಿಸಿಲೋ ಕಾರಿನ ಎಸಿ ಗಾಳಿಯೋ ನೇರ ಬಿದ್ದಿದೆ. ಹೊರಸುತ್ತು ಚೆನ್ನಾಗಿದ್ದು ನಡುವಿನವು ಬೆಂದಂತಾಗಿದ್ದರೆ ಬೊಕೆಯನ್ನು ಬಿಗಿಯಾಗಿ ಕಟ್ಟಿ, ಪ್ಲಾಸ್ಟಿಕ್ಕಿನಲ್ಲಿ ಮುಚ್ಚಿ, ಒಳಗೆ ಗಾಳಿಯಾಡದಂತೆ ಮಾಡಿದ್ದಾರೆ. ಕೊಯ್ದ ಹೂವು ಉಸಿರಾಡುತ್ತಲೇ ಇರುತ್ತದೆ. ಬಿಸಿ 10 ಡಿಗ್ರಿ ಏರಿದರೆ ಆ ಉಸಿರಾಟ ಎರಡರಿಂದ ಮೂರು ಪಟ್ಟಾಗುತ್ತದೆ, ಅದರಿಂದ ಹುಟ್ಟುವ ಶಾಖ ನಡುವಿನ ಹೂಗಳಲ್ಲೇ ಕೂರುತ್ತದೆ.

ಗುಲಾಬಿಯ ಕತ್ತು ಬಾಗಿದ್ದರೆ

ಹೆಚ್ಚು ದೂರು ಬರುವುದು ಇದರದ್ದೇ, ಅದಕ್ಕೇ ಇಲ್ಲಿ ಸ್ವಲ್ಪ ನಿಂತು ಹೇಳಬೇಕು. ಎಸಳು ಕೆಂಪಾಗೇ ಇರುತ್ತದೆ, ಎಲೆಯೂ ಹಸಿರಾಗೇ ಇರುತ್ತದೆ, ಆದರೆ ಮೊಗ್ಗಿನ ಕೆಳಗಿನ ನಾಲ್ಕೈದು ಸೆಂಟಿಮೀಟರ್ ಸೋತು ಹೂವು ನೆಲ ನೋಡುತ್ತದೆ. ದಂಟಿನಲ್ಲಿ ಎಲ್ಲಕ್ಕಿಂತ ಎಳೆಯ ಭಾಗ ಅದು. ಅಲ್ಲಿ ಕಟ್ಟಿಗೆಯ ಗಟ್ಟಿತನ ಬಂದಿರುವುದಿಲ್ಲ, ನೆಟ್ಟಗೆ ನಿಲ್ಲಿಸುವುದು ಒಳಗಿನ ನೀರಿನ ಒತ್ತಡ ಮಾತ್ರ. ನೀರು ಮೇಲೇರುವುದು ನಿಂತ ಕೂಡಲೇ ಮೊದಲು ಸೋಲುವುದು ಆ ಜಾಗ.

ನೀರು ನಿಲ್ಲುವುದಕ್ಕೆ ಮುಖ್ಯ ಕಾರಣ ಎರಡು. ಒಂದು, ಗಾಳಿ. ಕಡಿದ ದಂಟು ಒಣಗಾಳಿಯಲ್ಲಿದ್ದಾಗ ನಾಳದೊಳಗೆ ಗಾಳಿಯ ಗುಳ್ಳೆ ಸೇರಿಕೊಂಡು ದಾರಿ ಕಟ್ಟುತ್ತದೆ. ಎರಡು, ಬ್ಯಾಕ್ಟೀರಿಯಾ. ಬಕೆಟ್ಟಿನ ನೀರಿನಲ್ಲಿ ಮುಳುಗಿದ ಎಲೆ ಕೊಳೆತು, ಅದರಲ್ಲಿ ಬೆಳೆದ ಬ್ಯಾಕ್ಟೀರಿಯಾ ನಾಳದ ಬಾಯನ್ನು ಲೋಳೆಯಿಂದ ಮುಚ್ಚುತ್ತದೆ. ಮೂರನೆಯ ಕಾರಣವೂ ಉಂಟು, ಆದರೆ ಅದಕ್ಕೆ ಮದ್ದಿಲ್ಲ: ಮೊಗ್ಗು ಬಲಿಯುವ ಮೊದಲೇ ಕೊಯ್ದಿರುವುದು.

ಯಾವುದೆಂದು ತಿಳಿಯಲು ಹೀಗೆ ಮಾಡಿ. ಒಂದು ಅಗಲ ಪಾತ್ರೆಯಲ್ಲಿ ನೀರು ತುಂಬಿ, ದಂಟಿನ ಬುಡವನ್ನು ನೀರೊಳಗೇ ಹಿಡಿದು ಹರಿತವಾದ ಚಾಕುವಿನಿಂದ ಓರೆಯಾಗಿ 3 ಸೆಂಟಿಮೀಟರ್ ಕತ್ತರಿಸಿ. ನೀರಿಗೆ ಮುಳುಗುವ ಎಲೆಯನ್ನೆಲ್ಲ ತೆಗೆಯಿರಿ. ಐದಾರು ಹೂವನ್ನು ತಲೆ ನೆಟ್ಟಗಿಟ್ಟು ಹಳೇ ಪೇಪರಿನಲ್ಲಿ ಕತ್ತಿನ ಮೇಲಿನವರೆಗೂ ಬಿಗಿಯಾಗಿ ಸುತ್ತಿ. ಬಾಗಿದ ಹೂವನ್ನು ಬಾಗಿದಂತೆಯೇ ನೀರಿಗಿಟ್ಟರೆ ನೀರು ಕುಡಿದ ಮೇಲೆ ಅದೇ ಸೊಟ್ಟದಲ್ಲಿ ಗಟ್ಟಿಯಾಗುತ್ತದೆ, ಅದಕ್ಕೇ ಪೇಪರು ಬೇಕು. ಸುಮಾರು 40 ಡಿಗ್ರಿಯ, ಅಂದರೆ ಮಗುವಿಗೆ ಸ್ನಾನ ಮಾಡಿಸುವಷ್ಟು ಬೆಚ್ಚಗಿನ ನೀರನ್ನು 15 ಸೆಂಟಿಮೀಟರ್ ಆಳಕ್ಕೆ ಹಾಕಿ ಅದರಲ್ಲಿ ನಿಲ್ಲಿಸಿ. ಬೆಚ್ಚಗಿನ ನೀರು ತಣ್ಣೀರಿಗಿಂತ ಸಲೀಸಾಗಿ ಮೇಲೇರುತ್ತದೆ. ತಂಪು ಜಾಗದಲ್ಲಿ, ಫ್ಯಾನ್ ಹಾಕದೆ ಎರಡು ಗಂಟೆ ಬಿಡಿ.

ಎರಡು ಗಂಟೆಯಲ್ಲಿ ಕತ್ತು ಎದ್ದರೆ ಗಾಳಿ ಕಟ್ಟಿತ್ತು. ಹತ್ತಿ ಒಣಗಿತ್ತೋ ಕತ್ತರಿಸಿದ ಮೇಲೆ ಹೂವನ್ನು ಮೇಜಿನ ಮೇಲೆ ಬಹಳ ಹೊತ್ತು ಬಿಟ್ಟಿದ್ದರೋ, ಎರಡರಲ್ಲೊಂದು. ಏಳದಿದ್ದರೆ ಇನ್ನೂ 5 ಸೆಂಟಿಮೀಟರ್ ಮೇಲಕ್ಕೆ ಕತ್ತರಿಸಿ ಕಡಿದ ಜಾಗ ನೋಡಿ. ಅಲ್ಲಿಯೂ ಕಂದು ಬಣ್ಣ ಕಂಡರೆ ಬ್ಯಾಕ್ಟೀರಿಯಾ ಮೇಲೆ ಹತ್ತಿದೆ. ಹಸಿರು ಸಿಗುವವರೆಗೆ ಕತ್ತರಿಸಿ ದಂಟು ಗಿಡ್ಡವಾದರೂ ಸರಿ ಎಂದು ಸಣ್ಣ ಲೋಟಕ್ಕೆ ಹಾಕಿ. ದಂಟು ಎಲ್ಲ ಕಡೆ ಹಸಿರಾಗಿದ್ದು, ಮೊಗ್ಗು ಕಲ್ಲಿನಂತೆ ಗಟ್ಟಿಯಾಗಿ, ಹೊರಗಿನ ಹಸಿರು ಪುಷ್ಪಪತ್ರಗಳು ಇನ್ನೂ ಮೊಗ್ಗಿಗೇ ಅಂಟಿಕೊಂಡಿದ್ದರೆ ಬೇಗ ಕೊಯ್ದ ಹೂವು. ಅದು ಅರಳುವುದೂ ಇಲ್ಲ, ಏಳುವುದೂ ಇಲ್ಲ. ಅಂಗಡಿಯವರು ಕೊಳ್ಳುವಾಗಲೇ ಬಿಡಬೇಕಾದ ಮಾಲು ಅದು. ಚೆನ್ನಾಗಿ ಬಲಿತ ಮೊಗ್ಗಿನಲ್ಲಿ ಪುಷ್ಪಪತ್ರಗಳು ಕೆಳಕ್ಕೆ ಮಡಚಿಕೊಂಡಿರುತ್ತವೆ, ಹೊರಗಿನ ಒಂದೆರಡು ಎಸಳು ಸಡಿಲಾಗಿರುತ್ತವೆ. ಮೊಗ್ಗಿನ ಬುಡವನ್ನು ಎರಡು ಬೆರಳಲ್ಲಿ ಮೆಲ್ಲಗೆ ಒತ್ತಿದರೆ ಬಿಗಿ ಇರಬೇಕು. ಮೆತ್ತಗೆ ಒಳಗೆ ಹೋದರೆ ಹಳೇ ದಾಸ್ತಾನು.

ಅಂಗಡಿಯವರಿಗೆ ಒಂದು ಮಾತು. ಗುಲಾಬಿ 20ರ ಕಟ್ಟಾಗಿ ರಟ್ಟಿನಲ್ಲಿ ಸುತ್ತಿ ಬರುತ್ತದೆ. ಬೆಳಿಗ್ಗೆ ಪಾರ್ಸೆಲ್ ಬಿಚ್ಚಿದ ಕೂಡಲೇ ಬೊಕೆ ಕಟ್ಟಲು ಕೂರಬೇಡಿ. ರಟ್ಟು ಹಾಗೇ ಇರಲಿ. ಬುಡ ಕತ್ತರಿಸಿ, ತೊಳೆದ ಬಕೆಟ್ಟಿನಲ್ಲಿ ಕನಿಷ್ಠ ಮೂರು ನಾಲ್ಕು ಗಂಟೆ ನೀರು ಕುಡಿಯಲು ಬಿಡಿ. ಬೆಳಿಗ್ಗೆ ಏಳಕ್ಕೆ ಬಂದ ಹೂವನ್ನು ಎಂಟಕ್ಕೆ ಕಟ್ಟಿ ಭಟ್ಕಳಕ್ಕೆ ಕಳಿಸಿದರೆ ಕತ್ತು ಬಾಗದೆ ಇನ್ನೇನಾದೀತು? ಮುಳ್ಳು ತೆಗೆಯುವಾಗ ಬಲವಾಗಿ ಎಳೆದು ದಂಟಿನ ಸಿಪ್ಪೆ ಸುಲಿಯುವುದೂ ಅಷ್ಟೇ ಕೆಟ್ಟದ್ದು. ಸುಲಿದ ಪ್ರತಿ ಗಾಯವೂ ಬ್ಯಾಕ್ಟೀರಿಯಾಕ್ಕೆ ಬಾಗಿಲು.

ಜರ್ಬೆರಾ, ಗ್ಲಾಡಿಯೋಲಸ್

ಜರ್ಬೆರಾದ ದಂಟು ಟೊಳ್ಳು, ಮೈಮೇಲೆ ರೋಮ. ಗುಲಾಬಿಯಂತೆ ಆಳ ನೀರಿನಲ್ಲಿ ನಿಲ್ಲಿಸಿದರೆ ಮುಳುಗಿದ ಭಾಗ ಮೆತ್ತಗಾಗಿ ಕೊಳೆಯುತ್ತದೆ. ದಂಟಿನ ಕೆಳಗಿನ ಭಾಗ ಹಿಂಡಿದಾಗ ನೀರು ತುಂಬಿದ ಕೊಳವೆಯಂತೆ ಚಪ್ಪಟೆಯಾದರೆ ಅದೇ ತಪ್ಪು ನಡೆದಿದೆ. ಇದಕ್ಕೆ 5 ಸೆಂಟಿಮೀಟರ್ ನೀರು ಸಾಕು, ಆದರೆ ದಿನಾ ಬದಲಿಸಬೇಕು. ದಂಟು ನಡುವೆ ಮುರಿದಂತೆ ಬಾಗಿದ್ದರೆ ಆಧಾರದ ತಂತಿ ಹಾಕಿಲ್ಲ, ಅಥವಾ ತಂತಿಯನ್ನು ಹೂವಿನ ತಲೆಗೆ ಚುಚ್ಚಿದಾಗ ಕತ್ತು ಸೀಳಿದೆ. ಹೂವಿನ ಮೇಲಿನ ಪ್ಲಾಸ್ಟಿಕ್ ಟೊಪ್ಪಿಯನ್ನು ಬೊಕೆ ಕಟ್ಟುವ ಕೊನೇ ಗಳಿಗೆಯವರೆಗೂ ತೆಗೆಯದಿದ್ದರೆ ಎಸಳು ಮುರಿಯುವುದು ತಪ್ಪುತ್ತದೆ.

ಗ್ಲಾಡಿಯೋಲಸ್ ತುದಿ ಕೊಕ್ಕೆಯಂತೆ ಮೇಲಕ್ಕೆ ತಿರುಗಿದ್ದರೆ ಅದನ್ನು ಮಲಗಿಸಿ ಸಾಗಿಸಿದ್ದಾರೆ. ಮಲಗಿಸಿದರೆ ತುದಿ ಮೇಲ್ಮುಖವಾಗಿ ಬಾಗುತ್ತದೆ. ಒಮ್ಮೆ ತಿರುಗಿದ್ದು ಸರಿಯಾಗಿ ನೆಟ್ಟಗಾಗುವುದಿಲ್ಲ. ನಿಲ್ಲಿಸಿಯೇ ಒಯ್ಯಬೇಕು.

ಶಿರಸಿಯ ಆಂಥೂರಿಯಂ ಕಪ್ಪಾಗಿದ್ದರೆ

ಶಿರಸಿ, ಸಿದ್ದಾಪುರದ ಕಡೆ ನೆರಳುಬಲೆಯ ಅಡಿ ಬೆಳೆಯುವ ಆಂಥೂರಿಯಂ ನಮ್ಮ ಜಿಲ್ಲೆಯ ಬೊಕೆಗೆ ಸಿಗುವ ಅತಿ ಗಟ್ಟಿ ಹೂವುಗಳಲ್ಲೊಂದು. ಸರಿಯಾಗಿ ನೋಡಿಕೊಂಡರೆ ಎರಡು ವಾರ ನಿಲ್ಲುತ್ತದೆ. ಅದು ಎರಡೇ ದಿನಕ್ಕೆ ನೀಲಿಗಪ್ಪು ಬಣ್ಣಕ್ಕೆ ತಿರುಗಿದರೆ, ನೂರಕ್ಕೆ ತೊಂಬತ್ತು ಪಾಲು ಯಾರೋ ಅಕ್ಕರೆಯಿಂದ ಅದನ್ನು ಫ್ರಿಜ್‌ನಲ್ಲಿ ಇಟ್ಟಿದ್ದಾರೆ. ಗುಲಾಬಿಗೆ 2ರಿಂದ 4 ಡಿಗ್ರಿ ಅಮೃತ. ಆಂಥೂರಿಯಂಗೆ ಅದೇ ವಿಷ. ಮಲೆಕಾಡಿನ ಗಿಡ ಅದು, 12–13 ಡಿಗ್ರಿಗಿಂತ ಕೆಳಗೆ ಇಳಿದರೆ ಒಳಗಿನ ಕೋಶಗಳಿಗೆ ಪೆಟ್ಟಾಗುತ್ತದೆ. ಕಪ್ಪು ಕಾಣುವುದು ಹೊರಗೆ ತೆಗೆದ ಮೇಲೆ, ಹಾಗಾಗಿ ಫ್ರಿಜ್ಜಿನ ಮೇಲೆ ಯಾರಿಗೂ ಅನುಮಾನ ಬರುವುದಿಲ್ಲ.

ಶೀತದ ಕಪ್ಪನ್ನೂ ಉಜ್ಜಿದ ಕಪ್ಪನ್ನೂ ಬೇರೆ ಮಾಡಿ ನೋಡಬೇಕು. ಶೀತದ್ದು ಹೂಪತ್ರದ (ಎಸಳಿನಂತೆ ಕಾಣುವ ಅಗಲ ಬಣ್ಣದ ಎಲೆ) ಅಂಚಿನಿಂದ ಶುರುವಾಗಿ ಮೋಡ ಹಬ್ಬಿದಂತೆ ಹರಡುತ್ತದೆ, ಎಲ್ಲ ಹೂವಿನಲ್ಲೂ ಒಂದೇ ರೀತಿ ಇರುತ್ತದೆ. ಉಜ್ಜಿದ್ದು ಗೆರೆಗೆರೆಯಾಗಿ, ಒಂದು ಹೂವಿನ ನಡುಗಂಬಿ (ನಡುವೆ ಎದ್ದು ನಿಂತ ಕಡ್ಡಿ) ಇನ್ನೊಂದಕ್ಕೆ ತಾಗಿದ ಕಡೆ ಮಾತ್ರ ಇರುತ್ತದೆ. ಎರಡನೆಯದಕ್ಕೆ ಸಾಗಿಸುವಾಗ ಹೂಗಳ ನಡುವೆ ಒದ್ದೆ ಪೇಪರಿನ ಮಡಿಕೆ ಇಡುವುದೇ ಪರಿಹಾರ. ಹೆಲಿಕೋನಿಯಾಕ್ಕೂ ಶೀತದ ಇದೇ ನಿಯಮ. ಅದರ ಪಕಳೆಯ ಸಂದಿನಲ್ಲಿ ಇರುವೆ ಅಡಗಿರುತ್ತದೆ. ಬೊಕೆಗೆ ಸೇರಿಸುವ ಮೊದಲು ತಲೆಕೆಳಗು ಮಾಡಿ ಬಕೆಟ್ಟಿನ ನೀರಲ್ಲಿ ಅದ್ದಿ ಕೊಡವಿ. ಇಲ್ಲವಾದರೆ ಹೂ ಹಿಡಿದವರ ಕೈಗೆ ಕಚ್ಚಿದ ಮೇಲೆ ದೂರು ಬರುತ್ತದೆ.

ಮಿಶ್ರ ಬೊಕೆಯಲ್ಲಿ ಗುಲಾಬಿಯೂ ಆಂಥೂರಿಯಮ್ಮೂ ಇದ್ದರೆ ಕಟ್ಟಿದ ಮೇಲೆ ಫ್ರಿಜ್ಜಿಗೆ ಇಡುವ ಯೋಚನೆಯನ್ನೇ ಬಿಡಿ. ಗುಲಾಬಿಯನ್ನು ಕಟ್ಟುವ ಮುಂಚೆ ತಂಪಿನಲ್ಲಿಡಿ, ಕಟ್ಟಿದ ಬೊಕೆಯನ್ನು ನೆರಳಿನಲ್ಲಿಡಿ.

ಮೊಗ್ಗುದುರಿದ ಆರ್ಕಿಡ್, ಕಣ್ಣುಮುಚ್ಚಿದ ಕಾರ್ನೇಷನ್

ಹತ್ತಿ ಒದ್ದೆ, ದಂಟು ಹಸಿರು, ಆದರೂ ಆರ್ಕಿಡ್‌ನ ತುದಿಮೊಗ್ಗುಗಳು ಹಳದಿಯಾಗಿ ಉದುರಿವೆ. ಕಾರ್ನೇಷನ್ ಅರಳಿದ್ದು ಮತ್ತೆ ಒಳಕ್ಕೆ ಮುದುಡಿಕೊಂಡಿದೆ. ಇದು ನೀರಿನ ದೋಷವಲ್ಲ, ಎಥಿಲೀನ್ ಅನಿಲದ್ದು. ಮಾಗುವ ಹಣ್ಣು ಇದನ್ನು ಬಿಡುತ್ತದೆ, ವಾಹನದ ಹೊಗೆಯಲ್ಲೂ ಇದು ಇರುತ್ತದೆ. ಹತ್ತು ಲಕ್ಷದಲ್ಲಿ ಒಂದು ಪಾಲು ಇದ್ದರೂ ಈ ಎರಡು ಹೂವಿಗೆ ಸಾಕು.

ಹಣ್ಣು ಎಲ್ಲಿಂದ ಬಂತು ಎಂದು ಕೇಳಬೇಡಿ. ಮೇ ತಿಂಗಳಲ್ಲಿ ಅಂಕೋಲೆಯಿಂದ ಹೊರಡುವ ಯಾವ ಬಸ್ಸಿನ ಡಿಕ್ಕಿಯಲ್ಲಿ ಕರಿ ಈಶಾಡು ಮಾವಿನ ಬುಟ್ಟಿ ಇರುವುದಿಲ್ಲ? ಅದೇ ಡಿಕ್ಕಿಯಲ್ಲಿ ಮುಚ್ಚಿದ ಬೊಕೆ ಎರಡು ಮೂರು ಗಂಟೆ ಕೂತರೆ ಕಾರ್ನೇಷನ್ ಮುಗಿದಂತೆಯೇ. ಬಾಳೆಗೊನೆಯೂ ಅಷ್ಟೇ. ಅಂಗಡಿಯ ಫ್ರಿಜ್ಜಿನಲ್ಲಿ ಹೂವಿನ ಜತೆ ಸೇಬು, ಬಾಳೆ ಇಡುವ ರೂಢಿಯಿದ್ದರೆ ಇವತ್ತೇ ನಿಲ್ಲಿಸಿ. ಬಾಡಿ ಉದುರಿದ ಹೂವು ಕೂಡ ಎಥಿಲೀನ್ ಬಿಡುವುದರಿಂದ ಬಕೆಟ್ಟಿನಲ್ಲಿ ಹಳೇ ಹೂವನ್ನು ಹೊಸದರ ಜತೆ ಬಿಡಬಾರದು. ಮುದುಡಿದ ಕಾರ್ನೇಷನ್ ಮತ್ತೆ ಅರಳುವುದಿಲ್ಲ; ಅದನ್ನು ತೆಗೆದು ಬೇರೆ ಹೂವು ಸೇರಿಸುವುದೊಂದೇ ದಾರಿ. ಮಾವಿನ ಕಾಲದಲ್ಲಿ ಬಸ್ಸಿಗೆ ಹಾಕುವ ಬೊಕೆಯಲ್ಲಿ ಈ ಎರಡನ್ನು ಬಿಟ್ಟು ಸೇವಂತಿಗೆ, ಜರ್ಬೆರಾ, ಆಂಥೂರಿಯಂ ಹಾಕುವುದು ಜಾಣತನ.

ಎಸಳ ಮೇಲೆ ಕಂದು ಚುಕ್ಕೆ

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಈ ದೂರು ಹೆಚ್ಚು. ಹೊರ ಎಸಳಿನ ಮೇಲೆ ಸಾಸಿವೆ ಗಾತ್ರದ ಚುಕ್ಕೆ ಮೂಡಿ, ಮರುದಿನ ಅಗಲವಾಗಿ, ಅದರ ಮೇಲೆ ಬೂದು ಬೂಷ್ಟು ಕಂಡರೆ ಅದು ಬೊಟ್ರೈಟಿಸ್ ಶಿಲೀಂಧ್ರ. ಎಸಳ ಮೇಲೆ ನೀರಿನ ಹನಿ ಕೆಲವು ಗಂಟೆ ನಿಂತರೆ, ಹವೆ 15ರಿಂದ 25 ಡಿಗ್ರಿ ಇದ್ದರೆ ಅದಕ್ಕೆ ಹಬ್ಬ. ಮಳೆಗಾಲದ ಶಿರಸಿಯ ಹವೆ ಸರಿಯಾಗಿ ಅದೇ. ಕರಾವಳಿಯಲ್ಲಿ ದಾರಿ ಬೇರೆ: ಫ್ರಿಜ್ಜಿನಿಂದ ತೆಗೆದ ಹೂವನ್ನು ಕೂಡಲೇ ಪ್ಲಾಸ್ಟಿಕ್ಕಿನಲ್ಲಿ ಸುತ್ತಿದರೆ ಹೊರಗಿನ ತೇವದ ಗಾಳಿ ತಂಪು ಎಸಳಿನ ಮೇಲೆ ಬೆವರಾಗಿ ಇಳಿಯುತ್ತದೆ, ಆ ಬೆವರು ಒಳಗೇ ಉಳಿಯುತ್ತದೆ.

ತೆಗೆದ ಹೂವನ್ನು ಪೇಪರಿನಲ್ಲಿ ಸಡಿಲಾಗಿ ಸುತ್ತಿ ಅರ್ಧ ಗಂಟೆ ಹೊರಗಿಟ್ಟು, ಎಸಳು ಒಣಗಿದ್ದನ್ನು ನೋಡಿ ಆಮೇಲೆ ಕಟ್ಟಿ. ಪ್ಲಾಸ್ಟಿಕ್ ಹೊದಿಕೆ ಹಾಕಲೇಬೇಕಿದ್ದರೆ ಮೇಲ್ಗಡೆ ತೆರೆದಿಡಿ, ಪಕ್ಕದಲ್ಲಿ ಏಳೆಂಟು ರಂಧ್ರ ಮಾಡಿ. ತಾಜಾ ಕಾಣಲೆಂದು ಕಳಿಸುವ ಮುನ್ನ ಹೂವಿನ ಮೇಲೆ ನೀರು ಚಿಮುಕಿಸುವ ಅಭ್ಯಾಸವನ್ನು ಮಳೆಗಾಲದಲ್ಲಿ ಪೂರ್ತಿ ಕೈಬಿಡಿ. ಚುಕ್ಕೆ ಹೊರಗಿನ ಎರಡು ಮೂರು ಎಸಳಿಗೆ ಮಾತ್ರ ಬಂದಿದ್ದರೆ ಆ ಎಸಳನ್ನು ಬುಡದಿಂದ ಕಿತ್ತರೆ ಹೂವು ಉಳಿಯುತ್ತದೆ. ಬೂಷ್ಟು ಹಿಡಿದ ಹೂವನ್ನು ಮಾತ್ರ ಬೊಕೆಯಿಂದ ತೆಗೆದು ದೂರ ಎಸೆಯಿರಿ.

ನೀಲಿ ಬಣ್ಣ ಹಾಕಿದ ಆರ್ಕಿಡ್, ಗುಲಾಬಿಯಿಂದ ಬಣ್ಣ ಸೋರಿ ಬಿಳಿ ಹೂವಿಗೆ ಹತ್ತುವುದೂ ಮಳೆಗಾಲದಲ್ಲೇ. ಅವನ್ನು ಬಿಳಿ ಹೂವಿನ ಪಕ್ಕ ಕಟ್ಟಬಾರದು. ಲಿಲ್ಲಿಯ ಕಿತ್ತಳೆ ಪರಾಗ ಸೀರೆಗೆ ಹತ್ತಿದರೆ ನೀರು ಹಾಕಿ ತಿಕ್ಕದೆ ಅಂಟುಪಟ್ಟಿಯಿಂದ ಎತ್ತಿ ತೆಗೆಯಿರಿ. ಅಂಗಡಿಯಲ್ಲೇ ಪರಾಗದ ಗಂಟು ಕಿತ್ತು ಕಳಿಸಿದರೆ ಈ ತಾಪತ್ರಯವೇ ಇಲ್ಲ.

ನೀರೇ ಉಪ್ಪಾಗಿದ್ದರೆ

ಎಲ್ಲ ಸರಿಯಾಗಿ ಮಾಡಿದರೂ ಮಾರ್ಚ್ ಕಳೆದ ಮೇಲೆ ಗುಲಾಬಿ ಮೂರನೇ ದಿನಕ್ಕೇ ಬಾಡುತ್ತಿದ್ದರೆ, ಎಲೆಯ ಅಂಚು ಸುಟ್ಟಂತೆ ಕಂದಾಗಿದ್ದರೆ, ನೀರನ್ನು ಅನುಮಾನಿಸಿ. ಕಾಳಿ, ಗಂಗಾವಳಿ, ಅಘನಾಶಿನಿ, ಶರಾವತಿ ಅಳಿವೆಯ ಆಸುಪಾಸಿನ ಬಾವಿಗಳಲ್ಲಿ ಬೇಸಿಗೆಯಲ್ಲಿ ಉಪ್ಪಿನಂಶ ಏರುತ್ತದೆ. ನಾಲಿಗೆಗೆ ಉಪ್ಪು ಗೊತ್ತಾಗುವುದಕ್ಕೆ ಎಷ್ಟೋ ಮುಂಚೆಯೇ ಹೂವಿಗೆ ಗೊತ್ತಾಗುತ್ತದೆ: ಲೀಟರಿಗೆ 200 ಮಿಲಿಗ್ರಾಂ ದಾಟಿದರೆ ಗುಲಾಬಿ, ಕಾರ್ನೇಷನ್, ಸೇವಂತಿಗೆಯ ಆಯಸ್ಸು ಕಡಿಮೆಯಾಗತೊಡಗುತ್ತದೆ. ನೀರಿನಲ್ಲಿ ಕರಗಿದ ಲವಣ ಅಳೆಯುವ ಟಿಡಿಎಸ್ ಮೀಟರ್ ಇದ್ದರೆ ಒಂದು ನಿಮಿಷದ ಕೆಲಸ. ಇಲ್ಲದಿದ್ದರೆ ಒಂದೇ ಕಟ್ಟಿನ ನಾಲ್ಕು ಗುಲಾಬಿ ತೆಗೆದು ಎರಡನ್ನು ಬಾವಿ ನೀರಿನಲ್ಲೂ ಎರಡನ್ನು ಫಿಲ್ಟರ್ ಮಾಡಿದ ಆರ್‌ಒ ನೀರಿನಲ್ಲೂ ಇಟ್ಟು ಮೂರು ದಿನ ಹೋಲಿಸಿ. ವ್ಯತ್ಯಾಸ ಕಂಡರೆ ಉಪಚಾರದ ನೀರಿಗೆ ಆರ್‌ಒ ಅಥವಾ ಶೇಖರಿಸಿದ ಮಳೆನೀರು ಬಳಸಿ.

ಬಕೆಟ್ಟಿಗೂ ಮನೆಯ ಹೂದಾನಿಗೂ ಆಗುವ ಮಿಶ್ರಣ ಇದು: ಒಂದು ಲೀಟರ್ ನೀರು, 10ರಿಂದ 20 ಗ್ರಾಂ ಸಕ್ಕರೆ, ಕಾಲು ಗ್ರಾಂ ಸಿಟ್ರಿಕ್ ಆಮ್ಲ (ಅಡುಗೆಮನೆಯ ನಿಂಬೆಹುಳಿ ಪುಡಿ, ಒಂದು ಚಿಟಿಕೆ), 1 ಮಿಲಿಲೀಟರ್ ಬಟ್ಟೆಯ ಬ್ಲೀಚ್. ಸಕ್ಕರೆ ಹೂವಿಗೆ ಆಹಾರ, ಹುಳಿ ನೀರೇರುವುದಕ್ಕೆ ಅನುಕೂಲ, ಬ್ಲೀಚ್ ಬ್ಯಾಕ್ಟೀರಿಯಾಕ್ಕೆ ತಡೆ. ಬ್ಲೀಚನ್ನೂ ಹುಳಿಯನ್ನೂ ನೀರಿಲ್ಲದೆ ನೇರ ಸೇರಿಸಬೇಡಿ, ಕ್ಲೋರಿನ್ ಅನಿಲ ಏಳುತ್ತದೆ. ಒಂದೊಂದನ್ನೂ ಬೇರೆ ಬೇರೆಯಾಗಿ ಪೂರ್ತಿ ನೀರಿಗೆ ಹಾಕಿ ಕಲಕಿ. ಬ್ಲೀಚ್ ಬಿಟ್ಟು ಬರೀ ಸಕ್ಕರೆ ಹಾಕಿದರೆ ಹೂವಿಗಿಂತ ಮೊದಲು ಬ್ಯಾಕ್ಟೀರಿಯಾ ಉಣ್ಣುತ್ತದೆ. ಕೆಲವರ ಸಕ್ಕರೆ ಪ್ರಯೋಗ ಕೆಡುವುದು ಇದರಿಂದಲೇ.

ಬುಟ್ಟಿಯ ಹಸಿರು ಫೋಮ್

ಬುಟ್ಟಿಯಲ್ಲಿ ಜೋಡಿಸಿದ ಹೂವು ಒಂದೇ ದಿನಕ್ಕೆ ಬಾಡಿದರೆ ಬುಟ್ಟಿ ಎತ್ತಿ ತೂಕ ನೋಡಿ. ದಂಟು ಚುಚ್ಚಿ ನಿಲ್ಲಿಸುವ, 23 × 11 × 8 ಸೆಂಟಿಮೀಟರಿನ ಒಂದು ಫೋಮ್ ಇಟ್ಟಿಗೆ ಪೂರ್ತಿ ನೆನೆದರೆ ಸುಮಾರು 2 ಕಿಲೊ ತೂಗಬೇಕು. ಹಗುರ ಎನಿಸಿದರೆ ಒಳಗೆ ಒಣ ಜಾಗ ಉಳಿದಿದೆ. ಇದು ಆಗುವುದು ಅವಸರದಲ್ಲಿ ಫೋಮನ್ನು ಕೈಯಿಂದ ನೀರೊಳಗೆ ಒತ್ತಿ ಮುಳುಗಿಸಿದಾಗ. ಹೊರಮೈ ಬೇಗ ನೆನೆದು ಒಳಗಿನ ಗಾಳಿ ಸಿಕ್ಕಿಬೀಳುತ್ತದೆ. ಅಗಲ ಬಕೆಟ್ಟಿನ ನೀರ ಮೇಲೆ ಇಟ್ಟು ಸುಮ್ಮನೆ ಬಿಡಿ. ಅದು ತಾನಾಗಿ ಮುಳುಗಿ, ಬಣ್ಣ ಒಂದೇ ಸಮ ಗಾಢ ಹಸಿರಾದ ಮೇಲೆ ತೆಗೆಯಿರಿ. ಒಮ್ಮೆ ಒಣಗಿದ ಫೋಮ್ ಮತ್ತೆ ಸರಿಯಾಗಿ ನೀರು ಹೀರುವುದಿಲ್ಲ, ಮಿಕ್ಕಿದ ತುಂಡನ್ನು ಮರುಬಳಕೆ ಮಾಡಬೇಡಿ. ದಂಟನ್ನು ಚುಚ್ಚಿ, ಜಾಗ ಸರಿಯಾಗಲಿಲ್ಲವೆಂದು ಅರ್ಧ ಹೊರಗೆಳೆದರೆ ತುದಿಯ ಕೆಳಗೆ ಟೊಳ್ಳು ಉಳಿದು ಆ ಒಂದು ಹೂವು ಮಾತ್ರ ಬಾಡುತ್ತದೆ. ಬುಟ್ಟಿ ಸೇರಿದ ಮನೆಯವರು ದಿನಕ್ಕೆ ಒಂದು ಲೋಟ ನೀರನ್ನು ಫೋಮಿನ ನಡುವಿಗೆ ನಿಧಾನ ಹನಿಸಬೇಕು. ಇದನ್ನು ಒಂದು ಚೀಟಿಯಲ್ಲಿ ಬರೆದು ಬುಟ್ಟಿಗೆ ಸಿಕ್ಕಿಸುವ ಅಂಗಡಿಗಳು ಕಡಿಮೆ. ಸಿಕ್ಕಿಸಿದರೆ ಅರ್ಧ ದೂರು ಇಲ್ಲವಾಗುತ್ತದೆ.

ದಾರಿ ಮತ್ತು ಹೊತ್ತು

ಕಾರವಾರದಿಂದ ಭಟ್ಕಳದವರೆಗೆ ರಸ್ತೆಯಲ್ಲಿ ಒಯ್ಯುವವರಿಗೆ ಹೆದ್ದಾರಿ 66 ಮುಖ್ಯ ಆಸರೆ. ಶಿರಸಿಗೆ ಕುಮಟೆಯಿಂದ ದೇವಿಮನೆ ಘಟ್ಟ, ಯಲ್ಲಾಪುರಕ್ಕೆ ಅಂಕೋಲೆಯಿಂದ ಅರಬೈಲು ಘಟ್ಟ. ಮಳೆಗಾಲದಲ್ಲಿ ಇವುಗಳಲ್ಲಿ ಯಾವುದು ಯಾವಾಗ ನಿಲ್ಲುತ್ತದೆಂದು ಹೇಳಲಾಗದು. 2024ರ ಜುಲೈ 16ರಂದು ಅಂಕೋಲೆ ಬಳಿಯ ಶಿರೂರಿನಲ್ಲಿ ಗುಡ್ಡ ಕುಸಿದಾಗ ಹೆದ್ದಾರಿ ಎಷ್ಟೋ ದಿನ ಬಂದ್ ಆಗಿತ್ತು. ಭಾರಿ ಮಳೆಯ ಮುನ್ಸೂಚನೆ ಇರುವ ದಿನ ಕಾರವಾರದಲ್ಲಿ ಬೊಕೆ ಕಟ್ಟಿ ಶಿರಸಿಗೆ ಸಾಗಿಸುವ ಬದಲು ಶಿರಸಿಯ ಅಂಗಡಿಗೇ ಫೋನ್ ಮಾಡಿ ಅಲ್ಲಿಯ ಹೂವಿನಲ್ಲೇ ಕಟ್ಟಿಸುವುದು ಮೇಲು. ಹಬ್ಬದ ದಿನಗಳಿಗೂ ಇದೇ ಮಾತು. ಎರಡು ವರ್ಷಕ್ಕೊಮ್ಮೆ ಬರುವ ಶಿರಸಿಯ ಮಾರಿಕಾಂಬಾ ಜಾತ್ರೆಯ ವಾರ ಬಿಡಕಿಬೈಲಿನ ಸುತ್ತ ಬೈಕು ಕೂಡ ನುಗ್ಗುವುದಿಲ್ಲ. ಆ ಕೇರಿಗಳಿಗೆ ಬೆಳಿಗ್ಗೆ ಎಂಟರೊಳಗೆ ತಲುಪಿಸಬೇಕು.

ಬಿಸಿಲಿನಲ್ಲಿ ನಿಲ್ಲಿಸಿ ಬಾಗಿಲು ಹಾಕಿದ ಕಾರಿನ ಒಳಗೆ ಅರ್ಧ ಗಂಟೆಯಲ್ಲಿ 50 ಡಿಗ್ರಿ ಮುಟ್ಟುತ್ತದೆ. ಊಟಕ್ಕೆಂದು ನಿಲ್ಲಿಸಿದ ಆ ಅರ್ಧ ಗಂಟೆಯೇ ಹೂವು ಬೇಯಲು ಸಾಕು. ಎಸಳು ಬಾಡದೆ ಪಾರದರ್ಶಕವಾಗಿ ಒದ್ದೆ ಒದ್ದೆ ಕಂಡರೆ ಅದು ಬಿಸಿಯ ಗುರುತು, ನೀರು ಹಾಕಿದರೆ ಮರಳುವುದಿಲ್ಲ. ಬೈಕಿನಲ್ಲಿ ಒಯ್ಯುವಾಗ ಗಾಳಿಯ ಹೊಡೆತಕ್ಕೆ ಎಸಳಂಚು ಸುರುಟಿಕೊಳ್ಳುತ್ತದೆ. ಮೇಲಿನಿಂದ ರಟ್ಟಿನ ಡಬ್ಬ ಮುಚ್ಚಿ, ಅಡಿಯಲ್ಲಿ ಅರ್ಧ ಕತ್ತರಿಸಿದ ನೀರಿನ ಬಾಟಲಿ ಕಟ್ಟಿ. ಬಸ್ಸಿಗೆ ಹಾಕುವುದಾದರೆ ಎಂಜಿನ್ ಬದಿಯ ಡಿಕ್ಕಿ ಬೇಡ.

ಬೊಕೆಯ ಜತೆ ಮಲ್ಲಿಗೆ ದಂಡೆಯನ್ನೂ ಕೇಳುವವರಿದ್ದಾರೆ. ಭಟ್ಕಳದ ಮಲ್ಲಿಗೆಗೆ ದಂಟಿಲ್ಲ, ನೀರು ಕುಡಿಯುವ ದಾರಿಯೂ ಇಲ್ಲ. ಅದನ್ನು ಬೊಕೆಗೆ ಸುತ್ತದೆ ಬಾಳೆಲೆಯಲ್ಲಿ ಬೇರೆಯಾಗಿ ಮಡಚಿ ಕೊಡಿ, ಮೊಗ್ಗಿರುವಾಗಲೇ ಅದೇ ಸಂಜೆ ತಲುಪಲಿ. ನೀರು ಚಿಮುಕಿಸಿದರೆ ಮರುದಿನ ಕಂದು.

ಆರ್ಡರಿನ ತಪ್ಪುಗಳು

ಹೂವು ಚೆನ್ನಾಗಿದ್ದೂ ಕೆಡುವ ಕೆಲಸ ಇದು. ಫೋಟೊದಲ್ಲಿ ಲಿಲ್ಲಿ ಇತ್ತು, ಬಂದದ್ದು ಜರ್ಬೆರಾ ಎಂಬ ದೂರಿನಲ್ಲಿ ಬಹಳ ಸಲ ನಡುವೆ ಒಬ್ಬ ದಲ್ಲಾಳಿ ಇರುತ್ತಾನೆ. ದೊಡ್ಡ ಊರಿನ ಫೋಟೊ ತೋರಿಸಿ ಹಣ ಪಡೆದು, ತನ್ನ ಪಾಲು ಕಳೆದು, ಉಳಿದದ್ದರಲ್ಲಿ ಇಲ್ಲಿಯ ಅಂಗಡಿಗೆ ಆರ್ಡರ್ ದಾಟಿಸುತ್ತಾನೆ. ನೇರ ಅಂಗಡಿಗೇ ಫೋನ್ ಮಾಡಿ, ಇವತ್ತು ಯಾವ ಹೂವು ಇದೆ ಎಂದು ಕೇಳಿ. ಅದಿಲ್ಲದಿದ್ದರೆ ಇದು ಹಾಕಬಹುದು, ಇದನ್ನು ಮಾತ್ರ ಹಾಕಬೇಡಿ ಎಂದು ವಾಟ್ಸಾಪ್‌ನಲ್ಲಿ ಬರೆದು ಕಳಿಸಿ. ಹುಟ್ಟುಹಬ್ಬವೋ ಆಸ್ಪತ್ರೆಯೋ ಸಾವಿನ ಮನೆಯೋ ತಿಳಿಸಿ; ಬಿಳಿ ಸೇವಂತಿಗೆಯ ಬೊಕೆ ತಪ್ಪು ಮನೆಗೆ ಹೋದರೆ ತಿದ್ದುವುದು ಕಷ್ಟ. ಫೆಬ್ರವರಿ 14ಕ್ಕೆ ಕೆಂಪು ಗುಲಾಬಿ ಬೇಕಿದ್ದರೆ ಒಂದು ವಾರ ಮೊದಲು ಹೇಳಿ.

ವಿಳಾಸದಲ್ಲಿ ಮನೆ ನಂಬರ್ ಬರೆದರೆ ಶಿರಸಿ, ಸಿದ್ದಾಪುರದ ಹಳ್ಳಿಯಲ್ಲಿ ಉಪಯೋಗವಿಲ್ಲ. ಬಸ್ಸಿನ ನಿಲ್ದಾಣ, ಶಾಲೆ ಅಥವಾ ಸೊಸೈಟಿ, ಅಲ್ಲಿಂದ ಎಡಕ್ಕೋ ಬಲಕ್ಕೋ, ಸಂಕ (ಕಾಲುಸೇತುವೆ) ದಾಟಬೇಕೋ, ದಣಪೆ (ಬೇಲಿಯ ಬಾಗಿಲು) ಎಲ್ಲಿದೆ, ಮನೆಯ ಹೆಸರೇನು ಎಂದು ಬರೆಯಿರಿ. ತೋಟದ ಕಣಿವೆಗಳಲ್ಲಿ ಮೊಬೈಲ್ ಸಿಗ್ನಲ್ ಇರುವುದಿಲ್ಲ. ಸ್ಥಿರ ದೂರವಾಣಿ ಇದ್ದರೆ ಅದರ ನಂಬರೂ, ಪೇಟೆಯಲ್ಲಿರುವ ಬಂಧುಗಳ ನಂಬರೂ ಬೇಕು. ಕೈಗಾ ಅಣುವಿದ್ಯುತ್ ಸ್ಥಾವರದ ನೌಕರರ ಮಲ್ಲಾಪುರ ಕಾಲೊನಿ, ಅರ್ಗಾದ ನೌಕಾನೆಲೆಗೆ ಹುಡುಗರನ್ನು ಒಳಗೆ ಬಿಡುವುದಿಲ್ಲ. ಗೇಟಿಗೆ ಬಂದು ಪಡೆಯುವವರು ಯಾರು, ಎಷ್ಟು ಹೊತ್ತಿಗೆ ಎಂಬುದು ಮೊದಲೇ ಗೊತ್ತಾಗಬೇಕು. ಸೋಜಿಗಗೊಳಿಸಲೆಂದು ನಂಬರ್ ಕೊಡದೆ ಇರುವುದರಿಂದ ಬೊಕೆ ಬೀಗ ಹಾಕಿದ ಬಾಗಿಲ ಮುಂದೆ ಸಾಯುತ್ತದೆ. ಹೂವೆಂದು ಹೇಳದೆಯೂ ಕೇಳಬಹುದು: ‘ಅಕ್ಕಾ, ನಿಮ್ಮ ಹೆಸರಿಗೆ ಒಂದು ಪಾರ್ಸೆಲ್ ಬಂದದೆ, ಮನೇಲಿ ಯಾರಾದ್ರೂ ಇದ್ದೀರಾ?’ ಇಷ್ಟು ಸಾಕು.

ತಲುಪಿದ ಮೇಲೆ

ಬೊಕೆಯನ್ನು ಪ್ಲಾಸ್ಟಿಕ್ ಸಮೇತ ಟಿವಿಯ ಮೇಲೆ ಇಡುವುದೇ ಮನೆಯಲ್ಲಿ ನಡೆಯುವ ಮುಖ್ಯ ತಪ್ಪು. ಬಿಚ್ಚಿ, ಬುಡ 2 ಸೆಂಟಿಮೀಟರ್ ಕತ್ತರಿಸಿ, ಹತ್ತಿ ಎಸೆದು, ತೊಳೆದ ಪಾತ್ರೆಯ ನೀರಿನಲ್ಲಿ ಇಡಿ. ನೀರಿಗೆ ಮುಳುಗುವ ಎಲೆ ಒಂದೂ ಉಳಿಯಬಾರದು. ಫ್ಯಾನಿನ ನೇರ ಗಾಳಿ, ಕಿಟಕಿಯ ಬಿಸಿಲು, ಊದಿನಕಡ್ಡಿಯ ಹೊಗೆ, ಹಣ್ಣಿನ ಬುಟ್ಟಿ ಇವುಗಳಿಂದ ದೂರವಿರಲಿ. ಎರಡು ದಿನಕ್ಕೊಮ್ಮೆ ನೀರು ಬದಲಿಸಿ, ಪ್ರತಿ ಸಲವೂ ಬುಡ ಚೂರು ಕತ್ತರಿಸಿ.

ಅಂಗಡಿಗೆ ದೂರು ಕೊಡುವುದಿದ್ದರೆ ಬಾಡಿದ ಹೂವಿನ ಫೋಟೊ ಒಂದೇ ಕಳಿಸಿದರೆ ಅವರಿಗೆ ಏನೂ ತಿಳಿಯುವುದಿಲ್ಲ. ದಂಟಿನ ಕಡಿದ ತುದಿ, ಹಿಂಡಿದ ಹತ್ತಿ, ಬಿಚ್ಚುವ ಮುಂಚಿನ ಹೊದಿಕೆ, ಈ ಮೂರರ ಫೋಟೊ, ಬೊಕೆ ಕೈಗೆ ಬಂದ ಸಮಯ, ಬಿಚ್ಚಿದ ಸಮಯ ಇವಿಷ್ಟನ್ನು ಅದೇ ದಿನ ಕಳಿಸಿ. ತುದಿ ಲೋಳೆಯಾಗಿದ್ದರೆ, ಆಂಥೂರಿಯಂ ಅಂಚಿನಿಂದ ಕಪ್ಪಾಗಿದ್ದರೆ, ಫೋಮ್ ಒಳಗೆ ಒಣಗಿದ್ದರೆ ಬೇರೆ ಬೊಕೆ ಕೇಳುವ ಹಕ್ಕು ನಿಮ್ಮದು, ನಿಸ್ಸಂಕೋಚವಾಗಿ ಕೇಳಿ. ತುದಿ ಹಸಿರಾಗಿ ಹತ್ತಿ ಒದ್ದೆಯಾಗಿದ್ದು, ಬಿಚ್ಚಿದ್ದು ಮಾತ್ರ ಮರುದಿನ ಎಂದಾದರೆ, ಅಂಗಡಿಯವರು ತಮ್ಮ ಪಾಲಿನ ಕೆಲಸ ಮಾಡಿ ಮುಗಿಸಿದ್ದಾರೆ.